ಹೆಬ್ಬೆರಳಿಗೆ ಕಟ್ಟಿದ ದಾರ

ಇದು ಕಟ್ಟುಕಥೆಯಾಗಿದ್ದರೆ ಇದರಲ್ಲಿ ನಾನು ಒಳ್ಳೆಯವನಾಗಿರುತ್ತಿದ್ದೆ. ನಡೆದದ್ದು ಹೀಗೆಯೇ, ಅದಕ್ಕೇ ಹೀಗೆ ಹೇಳುತ್ತಿದ್ದೇನೆ.

ಆಗ ಕೋಡ್ಲಾದ ಸಿಮೆಂಟ್ ಫ್ಯಾಕ್ಟರಿಯಲ್ಲಿ ನನಗೆ ಕೆಲಸ. ಸೇಡಂನಲ್ಲಿ ಒಂದು ಬಾಡಿಗೆ ಖೋಲಿ, ನಾವು ಮೂವರು. ನಾನು, ಐನಾಪುರದ ಬಸಣ್ಣ, ಮತ್ತೆ ಮಳಖೇಡದ ಕಡೆಯ ರಘೋತ್ತಮ. ರಘುವಿನದು ಗುಡಿಯ ಪೂಜೆಯ ಮನೆತನ, ಅವನು ಮಾತ್ರ ಆಫೀಸಿನಲ್ಲಿ ಕ್ಲರ್ಕು. ಬಸಣ್ಣ ಅವನನ್ನು 'ಆಚಾರ್ರೇ' ಎಂದೇ ಕಾಡುತ್ತಿದ್ದ.

ರಘುವಿಗೆ ನಿದ್ದೆಯ ಒಂದು ಪೀಡೆಯಿತ್ತು. ನಡುರಾತ್ರಿ ಎಚ್ಚರಾಗುತ್ತಿತ್ತು, ಮೈ ಮಾತ್ರ ಏಳುತ್ತಿರಲಿಲ್ಲ. ಕಣ್ಣು ತೆರೆದಿರುತ್ತಿತ್ತು, ಎಲ್ಲ ಕೇಳಿಸುತ್ತಿತ್ತು, ಬಾಯಿಲ್ಲ, ಕೈಯಿಲ್ಲ. ಎದೆಯ ಮೇಲೆ ಯಾರೋ ಕುಳಿತಿರುತ್ತಿದ್ದನಂತೆ. ಮಿದುಳು ಮೊದಲು ಎದ್ದು ಮೈ ಆಮೇಲೆ ಏಳುವ ತೊಂದರೆ ಇದು, ಕುಳಿತವನು ಬರೀ ಕನಸು ಎಂದು ಕಲಬುರಗಿಯ ಡಾಕ್ಟರು ಹೇಳಿ ಕಳಿಸಿದ್ದರು.

ಖೋಲಿಗೆ ಬಂದ ದಿನವೇ ರಘು ನಮ್ಮನ್ನು ಕೇಳಿಕೊಂಡಿದ್ದ. "ಕಣ್ಣು ಬಿಟ್ಕೊಂಡು ಬಿದ್ದಿದ್ದು ಕಂಡ್ರ, ನನ್ನ ಕಾಲಿನ ಹೆಬ್ಬಟ್ಟು ಹಿಡದು ಒಮ್ಮೆ ಅಲ್ಲಾಡಸ್ರಪಾ. ಅಷ್ಟೇ ಸಾಕು. ಹೊಳ್ಳಿ ಬರ್ತೀನಿ."

ಒಂದು ರಾತ್ರಿ ನಾನೂ ಬಸಣ್ಣನೂ ಶಿಫ್ಟು ಮುಗಿಸಿ ಬಂದೆವು. ಕರೆಂಟಿರಲಿಲ್ಲ. ಮೊಬೈಲ್ ಬೆಳಕು ಹಿಡಿದರೆ... ರಘು ಚಾಪೆಯ ಮೇಲೆ ಅಂಗಾತ, ಕಣ್ಣು ತೆರೆದು. ಗಂಟಲಲ್ಲಿ ಸಣ್ಣ ಗೊರಗೊರ.

"ಆಚಾರ್ರು ಹೋಗ್ಯಾರ ನೋಡು," ಬಸಣ್ಣ ಪಿಸುಗುಟ್ಟಿದ. "ಮುಂದಿನ ಕೆಲಸ ನೋಡಮು."

ಮೂಲೆಯಲ್ಲಿ ಬಸಣ್ಣನ ಊರಿನ ತೊಗರಿ ಚೀಲವಿತ್ತು. ಅದರ ಬಾಯಿ ಹೊಲಿದ ದಾರ ಎಳೆದು ನನಗೆ ಕೊಟ್ಟ. ನಮ್ಮಲ್ಲಿ ಸತ್ತವರ ಕಾಲಿನ ಎರಡೂ ಹೆಬ್ಬೆರಳು ಕೂಡಿಸಿ ಕಟ್ಟುತ್ತಾರಲ್ಲ... ಹಾಗೆ ಕಟ್ಟಿದೆ. ಬೆರಳು ಅಲ್ಲಾಡಿದರೆ ಎದ್ದುಬಿಟ್ಟಾನೆಂದು ಹುಷಾರಾಗಿ, ಮೆಲ್ಲಗೆ. ರಘು ದೇವರಿಗೆಂದು ಹೊಸೆದಿಟ್ಟಿದ್ದ ತುಪ್ಪದ ಬತ್ತಿಗಳನ್ನು ಬಸಣ್ಣ ಅವನ ಮೂಗಿಗಿಟ್ಟ.

"ಭಾಳ ಛಲೋ ಮನಷ್ಯಾ ಇದ್ದ," ಎಂದು ನಾನು ಅಳುವ ದನಿ ತೆಗೆದೆ.

"ಹೌದಪಾ. ಇನ್ನ ಮುಂಜಾನಿ ಚಹಾ ಯಾರು ಮಾಡ್ಬೇಕು?"

ರಘುವಿನ ಕಣ್ಣಿನ ಕೊನೆಯಿಂದ ನೀರು ಇಳಿದು ಕಿವಿಯೊಳಗೆ ಹೋಯಿತು. ನಾನು ನೋಡಿದೆ. ನೋಡಿಯೂ ನಕ್ಕೆ.

"ಬಿಚ್ಚಲೇನು?"

"ಮುಂಜಾನಿ ಬಿಚ್ಚಮು, ಮಲಕೋ," ಎಂದ ಬಸಣ್ಣ, ಬತ್ತಿ ತೆಗೆಯುತ್ತ. ದಣಿದಿದ್ದೆ. ಮಲಗಿಬಿಟ್ಟೆ.

ಬೆಳಿಗ್ಗೆ ಬಸಣ್ಣ ಸ್ನಾನಕ್ಕೆ ಹೋಗಿದ್ದ. ರಘು ಗೋಡೆಗೆ ಒರಗಿ ಕುಳಿತಿದ್ದ. ದಾರ ಅವನ ಅಂಗೈಯಲ್ಲಿ, ಅಚ್ಚುಕಟ್ಟಾಗಿ ಸುತ್ತಿಟ್ಟದ್ದು.

"ಸಿಟ್ಟಾದೇನು? ನಾನೇ ಬಿಚ್ಚಬೇಕಂತಿದ್ದೆ," ಎಂದೆ.

"ನೀ ಬಿಚ್ಚಲಿಲ್ಲ. ನಾನೂ ಬಿಚ್ಚಲಿಲ್ಲ." ದನಿಯಲ್ಲಿ ಏನೂ ಇರಲಿಲ್ಲ. "ಎದಿ ಮ್ಯಾಲ ಕುಂತಿದ್ನಲ್ಲ, ಅಂವ ಇಳದು ಬಿಚ್ಚಿದ. ಕಟ್ಟಿದವ್ರು ಯಾರಂತ ಕೇಳಿದ."

"...ನೀ ಏನಂದಿ?"

"ಬಾಯಿ ಎಲ್ಲಿ ಬರ್ತಿತ್ತು? ಕಣ್ಣು ಅಷ್ಟೇ ತಿರುಗ್ತಿದ್ವು. ಕಣ್ಣಿಲೆ ತೋರ್ಸಿದೆ."

ಯಾರನ್ನು ಎಂದು ನಾನು ಕೇಳಲಿಲ್ಲ. ಅವನು ನನ್ನನ್ನೇ ನೋಡುತ್ತಿದ್ದ.

ಅಂದೇ ಪೆಟ್ಟಿಗೆ ಎತ್ತಿಕೊಂಡು ಹೋದ. ಆಮೇಲೆ ಆ ಪೀಡೆ ಅವನ ಹತ್ತಿರ ಸುಳಿಯಲೇ ಇಲ್ಲವಂತೆ. "ಈಗ ಹಸುಗೂಸು ಮಲಗಿದಂಗ ಮಲಗ್ತಾನಂತ," ಎಂದು ಬಸಣ್ಣನೇ ಹೇಳಿದ.

ನನಗೆ ಆ ವಾರವೇ ಶುರುವಾಯಿತು.

ಈಗ ಚಿತ್ತಾಪುರದಲ್ಲಿದ್ದೇನೆ. ಮದುವೆಯಾಗಿದೆ. ಹೆಂಡತಿಗೂ ಅದೇ ಮಾತು ಹೇಳಿಟ್ಟಿದ್ದೇನೆ, ಹೆಬ್ಬೆರಳು ಹಿಡಿದು ಅಲ್ಲಾಡಿಸು ಎಂದು. ಹೋದ ತಿಂಗಳು ಒಂದು ರಾತ್ರಿ ಕಣ್ಣು ತೆರೆಯಿತು, ಮೈ ಏಳಲಿಲ್ಲ. ತುಪ್ಪದ ಬತ್ತಿಯ ವಾಸನೆ... ಕಾಲ ಬಳಿ ಯಾರೋ ಬಂದರು. ಹೆಬ್ಬೆರಳು ಹಿಡಿದರು. ಸದ್ಯ, ಎದ್ದಳಲ್ಲ ಎಂದುಕೊಂಡೆ.

ಅಲ್ಲಾಡಿಸಲಿಲ್ಲ. ಇನ್ನೊಂದು ಹೆಬ್ಬೆರಳನ್ನೂ ಹುಷಾರಾಗಿ, ಮೆಲ್ಲಗೆ ಹತ್ತಿರ ತಂದರು...

ಕಣ್ಣು ಹೊರಳಿಸಿದೆ. ಹೆಂಡತಿ ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದ್ದಳು.

ಡಾಕ್ಟರು ರಘುವಿಗೆ ಹೇಳಿದ್ದನ್ನೇ ನನಗೂ ಹೇಳಿದರು. ಇರಬಹುದು. ದಿನಾ ಎರಡು ಕಾಲುಗಳ ನಡುವೆ ದಿಂಬಿಟ್ಟು, ಅಗಲಿಸಿಯೇ ಮಲಗುತ್ತೇನೆ. ಬೆಳಿಗ್ಗೆ ದಿಂಬು ನೆಲದ ಮೇಲಿರುತ್ತದೆ... ಕಾಲುಗಳು ಕೂಡಿರುತ್ತವೆ.