ಗಾಳಿಯಲ್ಲಿ ಬಿಗಿದ ನಟ್ಟು

ಹೊಲಿಗೆ ಯಂತ್ರ ರಿಪೇರಿ ಮಾಡುವ ಹೆಂಗಸು ಬೀದಿಗೆ ಬಂದಳೆಂದು ತಿಳಿಯಲು ಯಾರೂ ಕಿಟಕಿಯಿಂದ ಇಣುಕಬೇಕಾಗಿರಲಿಲ್ಲ. ಅವಳಿಗಿಂತ ಮೊದಲು ಅವಳ ಕಾರಿನ ಸದ್ದು ಬರುತ್ತಿತ್ತು. ರಸ್ತೆಯಲ್ಲಿ ಅಂಗೈಯಗಲದ ಗುಂಡಿ ಸಿಕ್ಕರೂ ಸಾಕು, ಮುಂದಿನ ಚಕ್ರದ ಹತ್ತಿರ ಯಾರೋ ಸುತ್ತಿಗೆಯಿಂದ ತಗಡು ಬಡಿದ ಹಾಗೆ ಟಕ್ ಟಕ್ ಎನ್ನುತ್ತಿತ್ತು. "ಮಿಷನ್ ಅಕ್ಕ ಬಂದ್ಲು, ಮಿಷನ್ ಮೇಲಿರೋ ಬಟ್ಟೆ ತೆಗೀರಿ" ಎಂದು ಮನೆಯೊಳಗಿನಿಂದ ಮಾತು ಕೇಳುತ್ತಿತ್ತು. ಅವಳಿಗಿಂತ ಹತ್ತು ವರ್ಷ ಹಿರಿಯರೂ ಅವಳನ್ನು ಮಿಷನ್ ಅಕ್ಕ ಎಂದೇ ಕರೆಯುತ್ತಿದ್ದರು. ಅವಳಿಗೆ ಐವತ್ತೆರಡು.

ಕಾರು ಅಪ್ಪನದು, ಇಪ್ಪತ್ತಾರು ವರ್ಷ ಹಳೆಯದು. ಸಾಯುವ ಮೊದಲು ಅಪ್ಪ ಅದರ ಕೀಲಿಯನ್ನು ಅವಳ ಕೈಗೆ ಕೊಟ್ಟಿದ್ದ. ಹಿಂದಿನ ಸೀಟು ಕಿತ್ತು ಹಲಗೆ ಹಾಸಿದರೆ ಮೂರು ಯಂತ್ರ ನಿಲ್ಲುತ್ತಿದ್ದವು. ಎರಕದ ಕಬ್ಬಿಣದ ಯಂತ್ರವನ್ನು ಹೆಗಲ ಮೇಲೆ ಹೊತ್ತು ಮನೆಮನೆ ತಿರುಗುವ ವಯಸ್ಸು ಅವಳದಲ್ಲ, ಬಸ್ಸಿನವರು ಹತ್ತಿಸಿಕೊಳ್ಳುವುದಿಲ್ಲ. ಕಾರು ಹೋದರೆ ಕಸುಬು ಹೋದ ಹಾಗೆಯೇ.

ಕಾರಿನ ಸದ್ದಿಗೆ ಮದ್ದು ಮಾಡುತ್ತಿದ್ದವನು ಅವಳ ಭಾವ, ಅಕ್ಕನ ಗಂಡ. ದೊಡ್ಡ ರಸ್ತೆಯಲ್ಲಿ ಅವನದು ಗ್ಯಾರೇಜು. ಜನ ಅವನನ್ನು ಕಿವಿ ಡಾಕ್ಟರ್ ಎನ್ನುತ್ತಿದ್ದರು. ಬಾನೆಟ್ ಎತ್ತುವ ಮೊದಲೇ ಕಣ್ಣು ಮುಚ್ಚಿ, ತಲೆ ಓರೆ ಮಾಡಿ, ಎರಡು ಕ್ಷಣ ಕೇಳಿ ಕಾರಿನ ಕಾಯಿಲೆ ಹೇಳುತ್ತಿದ್ದ. ಹೇಳಿದ್ದು ಬಹುಪಾಲು ಸರಿಯಾಗಿಯೇ ಇರುತ್ತಿತ್ತು, ಆ ಮಟ್ಟಿಗೆ ಅವನು ಸುಳ್ಳನಲ್ಲ. ನಾದಿನಿಯ ಕಾರನ್ನು ಅವನು ಮೂರು ಸಲ ರಿಪೇರಿ ಮಾಡಿದ್ದ. ಬಿಡಿಭಾಗ ಹೊಸದು ಹಾಕಿದ, ಕೂಲಿ ಬೇಡವೆಂದ, ಮನೆಯವಳಲ್ಲವೇ ಎಂದ. ಮೊದಲ ಎರಡು ಸಲವೂ ನಾಲ್ಕು ತಿಂಗಳಿಗೆ ಸದ್ದು ಮರಳಿ ಬಂದಿತ್ತು.

"ರಸ್ತೆ ಸರಿ ಇಲ್ಲಮ್ಮ" ಎಂದ ಒಂದು ಸಲ. ಕುಣಿಯಲಾರದವಳಿಗೆ ನೆಲ ಡೊಂಕು. ಇನ್ನೊಂದು ಸಲ, "ಮುದಿ ಕಾರು, ನೀನು ಸೂಜಿ ನೋಡ್ಕೋ, ಇದನ್ನ ನಂಗೆ ಬಿಡು" ಎಂದ. ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ಅದೇ ಹಾಸ್ಯ, ಅದೇ ನಗು. ಒಂದು ಮಧ್ಯಾಹ್ನ ಅವಳಿಗೆ ರೋಸಿಹೋಯಿತು. ಅಕ್ಕ, ಭಾವ, ಭಾವನ ತಾಯಿ ಎಲ್ಲರೂ ಕೇಳುವಂತೆ ಹೇಳಿಬಿಟ್ಟಳು.

"ಇನ್ನೊಂದ್ಸಲ ಸದ್ದು ಬಂದ್ರೆ ಕಾರು ತಂದು ನಿಮ್ಮ ಅಂಗಳದಲ್ಲಿ ಬಿಟ್ಟು ಹೋಗ್ತೀನಿ ಭಾವ. ಇಟ್ಕೊಳ್ಳಿ."

"ಎಲ್ರೂ ಕೇಳಿಸ್ಕೊಂಡ್ರಲ್ಲ?" ಎಂದು ಭಾವ ನಕ್ಕ.

ಆರು ವಾರ ಕಳೆಯಿತು. ಸದ್ದು ಬಂತು.

ಆಡಿದ ಮಾತು ನುಂಗುವವಳಲ್ಲ ಅವಳು. ಆದರೆ ಬಿಟ್ಟುಕೊಡುವ ಮೊದಲು ತನ್ನನ್ನು ಸೋಲಿಸಿದ್ದು ಯಾವುದೆಂದು ಕಣ್ಣಾರೆ ನೋಡಬೇಕೆನಿಸಿತು. ಮುಂದಿನ ಚಕ್ರ ಬಿಚ್ಚಿ ನೆಲದ ಮೇಲೆ ಅಂಗಾತ ಮಲಗಿದಳು. ಎರಡು ಮುಂಗಾಲಿಗಳ ನಡುವೆ ಬಾಗಿದ ಉಕ್ಕಿನ ಸರಳೊಂದಿತ್ತು. ತಿರುವಿನಲ್ಲಿ ಕಾರು ಒಂದು ಮಗ್ಗುಲಿಗೆ ವಾಲದಂತೆ ಹಿಡಿಯುವುದು ಅದರ ಕೆಲಸ. ಅದರ ತುದಿಗಳನ್ನು ಚಕ್ರದ ತೋಳಿಗೆ ಕಟ್ಟುವ ಗೇಣುದ್ದದ ಕಡ್ಡಿಗಳಿಗೆ ಲಿಂಕ್ ರಾಡ್ ಎನ್ನುತ್ತಾರೆ. ಆ ಕಡ್ಡಿಯ ಎರಡೂ ಕಡೆಯ ರಬ್ಬರು ಒಣಗಿದ ತುಟಿಯ ಹಾಗೆ ಸೀಳಿತ್ತು. ಬೆರಳಿನಿಂದ ಅಲ್ಲಾಡಿಸಿದರೆ ಟಕ್ ಎಂದಿತು.

ನಟ್ಟು ಜಗ್ಗಲಿಲ್ಲ. ಎಣ್ಣೆ ಬಿಟ್ಟು ಎರಡು ದಿನ ಕಾದಳು. ಎಡಗಡೆಯದು ಬಂತು. ಬಲಗಡೆಯದರಲ್ಲಿ ನಟ್ಟು ತಿರುಗಿದರೆ ಬೋಲ್ಟೂ ಜೊತೆಗೆ ತಿರುಗಿತು, ಗರಗಸ ಹಾಕಿ ಕೊಯ್ದಳು. ಎರಡನ್ನೂ ಹಳೆ ಬಟ್ಟೆಯಲ್ಲಿ ಸುತ್ತಿಕೊಂಡು ಬಿಡಿಭಾಗದ ಅಂಗಡಿಗೆ ನಡೆದಳು.

ಅಂಗಡಿಯ ಮುದುಕ ಕನ್ನಡಕ ಹಣೆಗೇರಿಸಿ, ರಬ್ಬರನ್ನು ಮೂಗಿನ ಹತ್ತಿರ ಹಿಡಿದು ನೋಡಿದ.

"ಯಾರಮ್ಮ ಬಿಗಿದಿದ್ದು ಇದನ್ನ?"

"ತಿಳಿದವರೇ."

"ಗಾಳೀಲಿ ಬಿಗಿದಿದಾರೆ. ಕಾರು ಮೇಲೆತ್ತಿ, ಚಕ್ರ ಜೋತಾಡ್ತಿರುವಾಗ್ಲೇ ಕೊನೇ ಬಿಗಿ ಕೊಟ್ಟಿದಾರೆ. ಇಳಿಸಿದ ತಕ್ಷಣ ರಬ್ಬರು ತಿರುಚ್ಕೊಳುತ್ತೆ. ನಿಂತ್ರೂ ತಿರುಚು, ಓಡಿದ್ರೂ ತಿರುಚು. ಎಷ್ಟು ದಿನ ಬಾಳುತ್ತೆ ಹೇಳಿ? ಕಾರಿನ ಭಾರ ಚಕ್ರದ ಮೇಲೆ ಕೂತ ಮೇಲೆ ಬಿಗೀಬೇಕು."

ಮಿಷನ್ ಅಕ್ಕನಿಗೆ ಇನ್ನೊಂದು ಮಾತು ಬೇಕಾಗಿರಲಿಲ್ಲ. ಹೊಲಿಗೆ ಯಂತ್ರದಲ್ಲಿ ಬಟ್ಟೆಯನ್ನು ಒತ್ತಿ ಹಿಡಿಯುವ ಪಾದ ಎತ್ತಿಟ್ಟುಕೊಂಡು ದಾರದ ಬಿಗಿ ಸರಿಮಾಡಿದರೂ ಹಾಗೆಯೇ. ಪಾದ ಮೇಲಿದ್ದಾಗ ದಾರವನ್ನು ಬಿಗಿ ಹಿಡಿಯುವ ಬಿಲ್ಲೆಗಳು ಸಡಿಲವಾಗಿರುತ್ತವೆ. ಪಾದ ಬಟ್ಟೆಯ ಮೇಲೆ ಇಳಿದ ಮೇಲೆಯೇ ನಿಜವಾದ ಬಿಗಿ ತಿಳಿಯುವುದು. ಹೊಲಿಯಲು ಕಲಿಯುವವರು ಮೊದಲ ವಾರದಲ್ಲಿ ಮಾಡುವ ತಪ್ಪು ಅದು.

"ಮೂವತ್ತು ವರ್ಷ ಕೆಲಸ ಮಾಡಿದವರಿಗೆ ಇದು ಗೊತ್ತಿಲ್ದೆ ಇರುತ್ತಾ ಯಜಮಾನ್ರೇ?"

ಮುದುಕ ಕನ್ನಡಕ ಇಳಿಸಿ ಅವಳನ್ನು ನೋಡಿದ. "ಅವಸರ ಇತ್ತೇನೋ" ಎಂದ. ಒಳ್ಳೆಯ ಮನುಷ್ಯ, ಬೇರೆಯವರ ಕಸುಬಿನ ಮೇಲೆ ಮಾತಾಡಲು ಹಿಂಜರಿದ.

ಹಳೆಯದರಂಥದೇ ಜೋಡಿ ಅವಳಿಗೆ ಬೇಕಿರಲಿಲ್ಲ. ಅದಕ್ಕಿಂತ ಗಟ್ಟಿಯಾದದ್ದನ್ನು ಆರಿಸಿದಳು. ಹೆಬ್ಬೆರಳ ದಪ್ಪದ ಉಕ್ಕು, ರಬ್ಬರಿನ ಜಾಗದಲ್ಲಿ ಗಡುಸಾದ ಹಳದಿ ಬುಷ್, ಉದ್ದ ಹೆಚ್ಚುಕಡಿಮೆ ಮಾಡಲು ನಡುವೆ ತಿರುಪು. "ಎರಡನೇ ಕಡೆ ಬೋಲ್ಟು ಕೈಯಲ್ಲೇ ಜಾರಿ ಒಳಗೆ ಹೋಗ್ಬೇಕು" ಎಂದು ಮುದುಕ ಹೇಳಿಕೊಟ್ಟ. "ಸುತ್ತಿಗೆ ಬೇಕಾಯ್ತು ಅಂದ್ರೆ ಅಳತೆ ತಪ್ಪಿದೆ ಅಂತ ಅರ್ಥ."

ಭಾನುವಾರ ಬೆಳಗ್ಗೆ ಕೆಲಸದ ಕೋಣೆಯ ಹಿಂದಿನ ಸಿಮೆಂಟು ಅಂಗಳದಲ್ಲಿ ಕಾರು ನಿಲ್ಲಿಸಿದಳು. ಜಾಕಿನಿಂದ ಒಂದೊಂದೇ ಚಕ್ರ ಎತ್ತಿ ಕೆಳಗೆ ಹಲಗೆಗಳ ಅಟ್ಟಿ ಇಟ್ಟಳು. ನಾಲ್ಕೂ ಅಟ್ಟಿ ಒಂದೇ ಎತ್ತರ. ಕಾರು ತನ್ನ ಭಾರವನ್ನು ತಾನೇ ಹೊತ್ತು ನಿಂತಿತು, ಕೆಳಗೆ ನುಸುಳಲು ಜಾಗವೂ ಆಯಿತು. ಎಡಗಡೆಯದು ಕೂತಿತು. ಬಲಗಡೆ ಬೋಲ್ಟು ತೂತಿನಂಚಿಗೆ ತಾಗಿ ನಿಂತಿತು. ತಿರುಪನ್ನು ಅರ್ಧ ಸುತ್ತು ತಿರುಗಿಸಿದಳು, ಆಗಲಿಲ್ಲ. ಇನ್ನು ಕಾಲು ಸುತ್ತು. ಬೋಲ್ಟು ಬೆಣ್ಣೆಯೊಳಗೆ ಇಳಿದ ಹಾಗೆ ಒಳಗೆ ಹೋಯಿತು. ಕಣ್ಣಿಗೆ ಮಣ್ಣುದುರುತ್ತಿದ್ದರೂ ಕೊನೆಯ ಬಿಗಿಯನ್ನು ಮಲಗಿದಂತೆಯೇ ಕೊಟ್ಟಳು.

ಬೀದಿಗೆ ಇಳಿಸಿ ಎಲ್ಲ ಗುಂಡಿಗಳ ಮೇಲೂ ಬೇಕೆಂದೇ ಓಡಿಸಿದಳು. ಸದ್ದಿಲ್ಲ. ತಿರುವಿನಲ್ಲಿ ಮೊದಲೆಲ್ಲ ತೂಗಾಡುತ್ತಿದ್ದ ಕಾರು ಈಗ ನೆಟ್ಟಗೆ ತಿರುಗಿತು.

ಅವಳು ಒಳ್ಳೆಯ ಮನಸ್ಸಿನಿಂದಲೇ ಅಕ್ಕನ ಮನೆಗೆ ಹೋದಳು. ಭಾವನಿಗೆ ಅವಸರದಲ್ಲಿ ತಪ್ಪಾಗಿದೆ, ಹೇಳಿದರಾಯಿತು ಎಂದುಕೊಂಡಿದ್ದಳು. ಅಡುಗೆಮನೆಯ ಕಿಟಕಿಯ ಕೆಳಗೆ, ಗೋಡೆಗೆ ತಾಗಿಸಿ ಕಾರು ನಿಲ್ಲಿಸಿದಳು. ಒಳಗಿನ ಮಾತು ನಿಲ್ಲಲಿಲ್ಲ. ಇಷ್ಟು ವರ್ಷಗಳಲ್ಲಿ ಅವಳು ಬಂದಾಗ ಆ ಮನೆಯ ಮಾತು ನಿಲ್ಲದಿದ್ದದ್ದು ಅದೇ ಮೊದಲು.

"ಅವಳು ಆಡಿದ ಮಾತಿಗೆ ತಪ್ಪೋಳಲ್ಲ, ತಂದು ಬಿಡ್ತಾಳೆ" ಎನ್ನುತ್ತಿದ್ದಳು ಅಕ್ಕ.

"ಅವಳು ತಪ್ಪಿದ್ರೂ ಸದ್ದು ತಪ್ಪಲ್ಲ ಬಿಡು. ಮೂರು ಸಲವೂ ಗಾಳೀಲೇ ಬಿಗಿದಿದ್ದೀನಿ."

"ಅಯ್ಯೋ, ಪಾಪ ಕಣ್ರೀ."

"ಎಂಥ ಪಾಪ? ಇಪ್ಪತ್ತು ವರ್ಷ ಆ ಕಾರಿನ ಕೆಳಗೆ ಬೆನ್ನು ಸವೆಸಿದ್ದು ನಾನು. ನಿಮ್ಮಪ್ಪ ಕೀಲಿ ಕೊಟ್ಟಿದ್ದು ಯಾರಿಗೆ? ಸೂಜಿಗೆ ದಾರ ಪೋಣಿಸೋಳಿಗೆ!"

ಅಕ್ಕ ನಕ್ಕಳು. ದೊಡ್ಡ ನಗುವೇನಲ್ಲ, ಗಂಡನ ಜೊತೆ ಜಗಳ ಬೇಡವೆಂದು ಹೆಂಡತಿ ನಗುವ ನಗು. "ಮೆಲ್ಲಗೆ ಮಾತಾಡಿ" ಎಂದಳು. "ಆದ್ರೂ ಅವಳು ಬರೋದು ನಾಲ್ಕು ಬೀದಿ ಆಚೆಗೇ ಗೊತ್ತಾಗುತ್ತೆ ಬಿಡಿ."

ಮಿಷನ್ ಅಕ್ಕ ಕಾರು ಹತ್ತಿ, ಬಂದ ಹಾಗೆಯೇ ಹೊರಟುಹೋದಳು. ಹಾವಿನ ಹಗೆ ಹನ್ನೆರಡು ವರ್ಷ ಎನ್ನುತ್ತಾರೆ. ಅವಳ ಹಗೆಗೆ ಶನಿವಾರದವರೆಗಿನ ಆರು ದಿನ ಸಾಕಾಗಿತ್ತು. ಅಷ್ಟೂ ದಿನ ನಾಲ್ಕು ಯಂತ್ರ ಬಿಚ್ಚಿ ಜೋಡಿಸಿದಳು, ಯಾರ ಮೇಲೂ ರೇಗಲಿಲ್ಲ. ಶನಿವಾರವೇ ಏಕೆಂದರೆ, ಅಂದು ಗ್ಯಾರೇಜು ತುಂಬಿರುತ್ತಿತ್ತು.

ಆ ಬೆಳಗ್ಗೆ ಅಲ್ಲಿ ಆರೇಳು ಜನ ಕಾಯುತ್ತಿದ್ದರು. ಅವರಲ್ಲಿ ಗಣಿತದ ಮೇಷ್ಟ್ರಿದ್ದರು, ಒಬ್ಬ ಟ್ಯಾಕ್ಸಿ ಡ್ರೈವರನೂ ಇದ್ದ. ಭಾವ ತಿರುಗಿ ನೋಡಿದಾಗ ನಾದಿನಿಯ ಕಾರು ಬೆನ್ನ ಹಿಂದೆಯೇ ನಿಂತಿತ್ತು.

"ಯಾವಾಗ ಬಂದೆ? ಗೊತ್ತೇ ಆಗ್ಲಿಲ್ಲ!"

"ಗಾಳಿ ಹೊಡಿಯೋ ಮಿಷನ್ ಸದ್ದಿನಲ್ಲಿ ಕೇಳಿಸ್ಲಿಲ್ವೇನೋ ಭಾವ. ಹಳೇ ಸದ್ದೇ. ಈಗ ತುಂಬಾ ಜಾಸ್ತಿ. ನೀವೊಂದ್ಸಲ ಕೇಳಿ ಹೇಳಿಬಿಟ್ರೆ, ಆಡಿದ ಮಾತಿನ ಹಾಗೆ ಕಾರು ಬಿಟ್ಟು ಹೋಗ್ತೀನಿ."

ಭಾವನ ಮುಖ ಅರಳಿತು. ನೋಡಲು ಇಷ್ಟು ಜನ ಇರುವುದೂ ಅವನಿಗೆ ಹಿತವಾಗಿಯೇ ಇತ್ತು. ಗಾಳಿ ಯಂತ್ರ ನಿಲ್ಲಿಸಿ, ಮಡ್‌ಗಾರ್ಡಿನ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದ. "ಅಲ್ಲಾಡಿಸು" ಎಂದ. ಅವಳು ಕಾರಿನ ಮೂತಿಯನ್ನು ಒತ್ತಿ ಬಿಟ್ಟಳು, ಒತ್ತಿ ಬಿಟ್ಟಳು.

"ಆಹಾ! ಕೇಳಿದ್ರಾ? ಟಕ್ ಅಂತು."

"ನನಗೇನೂ ಕೇಳಿಸ್ಲಿಲ್ಲವಲ್ಲ" ಎಂದರು ಮೇಷ್ಟ್ರು.

"ನಿಮಗೆ ಕೇಳಿಸಿದ್ರೆ ನಾನ್ಯಾಕೆ ಸಾರ್ ಬೇಕು?" ಎಲ್ಲರೂ ನಕ್ಕರು. ಭಾವ ಇನ್ನಷ್ಟು ಬಾಗಿ ಕಿವಿಗೊಟ್ಟ. "ಈಗ ಇದು ಲಿಂಕ್ ರಾಡಲ್ಲ. ಚಾಸಿನೇ ಬಿರುಕು ಬಿಟ್ಟಿದೆ. ಯಂತ್ರ ಹೇರಿ ಹೇರಿ ಕಾರಿನ ಬೆನ್ನು ಮುರಿದಿದ್ದೀಯ ನೀನು. ಇದು ರಸ್ತೆಗೆ ಇಳಿಯೋ ಹಾಗಿಲ್ಲ. ಕೀಲಿ ಕೊಡು."

"ಕೊಡ್ತೀನಿ" ಎಂದು ಅವಳು ಕೀಲಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. "ಇವರೆಲ್ಲ ಸಾಕ್ಷಿ ಇದಾರೆ. ಒಂದ್ಸಲ ಮುಂದಿರೋ ಹಂಪ್ ಮೇಲೆ ಹತ್ತಿಸಿ ಇಳಿಸೋಣ, ಮೇಷ್ಟ್ರಿಗೂ ಕೇಳಿಸ್ಲಿ. ಒಂದೇ ಒಂದು ಟಕ್ ಬಂದ್ರೂ ಕಾರು ನಿಮ್ಮದು."

ಒಲ್ಲೆ ಎನ್ನಲು ಅವನಿಗೆ ಕಾರಣ ಕಾಣಲಿಲ್ಲ. ಪಕ್ಕದಲ್ಲಿ ಕೂತ. ಮೇಷ್ಟ್ರು ಮತ್ತು ಟ್ಯಾಕ್ಸಿಯವನು ಹಿಂದಿನ ಹಲಗೆಯ ಮೇಲೆ ಕಾಲು ಮಡಚಿ ಕೂತರು. ಅವಳು ಹಂಪನ್ನು ಒಂದು ಸಲ ದಾಟಿಸಿದಳು. ತಿರುಗಿ ಬಂದು ಒಂದೇ ಚಕ್ರ ಹತ್ತುವ ಹಾಗೆ ಓರೆಯಾಗಿ ದಾಟಿಸಿದಳು. ಮೂರನೆಯ ಸಲ ಸ್ವಲ್ಪ ಜೋರಾಗಿಯೇ. ಮೇಷ್ಟ್ರ ಜೇಬಿನಲ್ಲಿದ್ದ ಚಿಲ್ಲರೆಯ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ.

"ಇವತ್ತು ಅದೇನೋ..." ಎಂದ ಭಾವ.

ಟ್ಯಾಕ್ಸಿಯವನು ಇಳಿದವನೇ ಚಕ್ರದ ಹಿಂದೆ ತಲೆ ತೂರಿಸಿದ. "ಗುರುವೇ, ಹಳದಿ ಬುಷ್ಷು, ದಪ್ಪ ಲಿಂಕು, ಫಳಫಳ ಹೊಳೀತಿದೆ. ಚಾಸಿಗೆ ಗೀರೂ ಬಿದ್ದಿಲ್ಲ. ನೀವು ಕೇಳಿಸ್ಕೊಂಡಿದ್ದು ಯಾವ ಟಕ್ಕು?"

ಮಿಷನ್ ಅಕ್ಕ ಬಟ್ಟೆಯ ಗಂಟು ಬಿಚ್ಚಿ ಹಳೆಯ ಲಿಂಕ್ ರಾಡುಗಳನ್ನು ಬೆಂಚಿನ ಮೇಲೆ ಇಟ್ಟಳು.

"ಹೋದ ಭಾನುವಾರ ಬಿಗಿದೆ, ಚಕ್ರ ನೆಲ ಕಚ್ಚಿದ ಮೇಲೆ. ಮೂರು ಸಲವೂ ಗಾಳೀಲೇ ಬಿಗಿದಿದ್ದೀನಿ ಅಂತ ಅಡುಗೆಮನೇಲಿ ಅಕ್ಕನಿಗೆ ಹೇಳ್ತಿದ್ರಲ್ಲ ಭಾವ, ಅದನ್ನ ಇಲ್ಲೂ ಒಂದ್ಸಲ ಹೇಳಿ. ಇವರೂ ಕೇಳಿಸ್ಕೊಳ್ಳಲಿ."

ಮೊದಲು ಅಲುಗಿದವನು ಟ್ಯಾಕ್ಸಿಯವನು. ತನ್ನ ಕಾರಿನ ಹತ್ತಿರ ಹೋಗಿ, ಅದರ ಮೂತಿಯನ್ನು ಒತ್ತಿ ಬಿಟ್ಟು ಕಿವಿಗೊಟ್ಟ. ಆಮೇಲೆ ಮೇಷ್ಟ್ರೂ ಹೋದರು. ಸ್ವಲ್ಪ ಹೊತ್ತಿನಲ್ಲೇ ಎಲ್ಲರೂ ತಂತಮ್ಮ ಕಾರು ಒತ್ತುತ್ತ, ತಲೆ ಓರೆ ಮಾಡಿ ಕೇಳುತ್ತ ನಿಂತಿದ್ದರು. ಅವರ ಕಾರುಗಳಲ್ಲಿ ಭಾವ ಏನನ್ನೂ ಕೆಡಿಸಿರಲಿಲ್ಲ. ಅದು ಮಿಷನ್ ಅಕ್ಕನಿಗೂ ಗೊತ್ತಿತ್ತು. ಆ ಮಾತನ್ನು ಅವಳು ಹೇಳಬಹುದಿತ್ತು, ಹೇಳಲಿಲ್ಲ. ಕೀಲಿ ತಿರುಗಿಸಿ ಹೊರಟಳು.

ಸೇಡು ತೀರಿದ ಮೇಲೆ ಮನಸ್ಸು ಬರಿದಾಗುತ್ತದೆ ಎಂದು ಹೇಳುವವರುಂಟು. ಅವಳಿಗೆ ಹಾಗೇನೂ ಆಗಲಿಲ್ಲ. ಅಂದು ಊಟ ಸೇರಿತು, ನಿದ್ದೆ ಬಂತು. ಆಮೇಲಿನ ಶನಿವಾರಗಳಲ್ಲಿ ಗ್ಯಾರೇಜಿನ ಮುಂದೆ ಇಬ್ಬರು ಮೂವರು ಮಾತ್ರ ಕಾಣುತ್ತಿದ್ದರು. ಭಾವ ಈಗ ಕಣ್ಣು ಮುಚ್ಚುತ್ತಿರಲಿಲ್ಲ. ಮೊದಲೇ ಬಾನೆಟ್ ಎತ್ತುತ್ತಿದ್ದ.

ಎರಡು ತಿಂಗಳು ಮಾತುಬಿಟ್ಟಿದ್ದ ಅಕ್ಕ ಒಂದು ಮಧ್ಯಾಹ್ನ ಬಾಡಿಗೆ ಆಟೋದಲ್ಲಿ ತನ್ನ ಹೊಲಿಗೆ ಯಂತ್ರ ಹೇರಿಕೊಂಡು ಬಂದಳು. ಹೊಲಿಗೆಯ ಕೆಳಗೆ ದಾರ ಗುಂಗುರು ಗುಂಗುರಾಗಿ ಬರುತ್ತಿತ್ತು.

"ನಿನ್ನ ಹೊಸ್ತಿಲು ತುಳೀಬಾರ್ದು ಅಂತಲೇ ಇದ್ದೆ" ಎಂದಳು. "ಊರಿಗೆಲ್ಲ ನೀನೊಬ್ಳೇ ಇರೋದು, ಏನ್ಮಾಡ್ಲಿ."

"ಕೂತ್ಕೋ."

ತಂಗಿ ಯಂತ್ರವನ್ನು ಬೆಳಕಿಗೆ ತಿರುಗಿಸಿಕೊಂಡಳು. ಪಾದ ಮೇಲಿತ್ತು. ಅದು ಹಾಗೆಯೇ ಇರುವಾಗ ದಾರದ ಬಿಗಿ ಬದಲಿಸುವ ಗುಬುಟನ್ನು ನಾಲ್ಕು ಸುತ್ತು ತಿರುಗಿಸಿ ಕೊಟ್ಟುಬಿಟ್ಟರೆ ಅಕ್ಕ ತಿಂಗಳಿಗೊಮ್ಮೆ ಬರುತ್ತಲೇ ಇರುತ್ತಿದ್ದಳು. ಕೈ ಒಂದು ಗಳಿಗೆ ಗುಬುಟಿನ ಮೇಲೆಯೇ ನಿಂತಿತು. ಆಮೇಲೆ ಅವಳು ಚಿಂದಿ ಬಟ್ಟೆ ಇಟ್ಟು ಪಾದ ಇಳಿಸಿದಳು.

"ಹತ್ರ ಬಾ. ನೋಡು. ಪಾದ ಕೆಳಗಿದೆಯಾ?"

"ಇದೆ."

"ಈಗ ಬಿಗಿ ಮಾಡ್ತಿದ್ದೀನಿ. ಸರಿಯಾಗಿ ನೋಡ್ಕೋ."

ಅಕ್ಕನ ಮುಖ ಕೆಂಪಾಯಿತು. "ನಿಂಗಿನ್ನೂ ಸಮಾಧಾನ ಆಗ್ಲಿಲ್ವೇನೇ?"

"ಭಾವನ ವಿಷಯದಲ್ಲಿ ಆವತ್ತೇ ಆಯ್ತು. ನೀನು ನಕ್ಕಿದ್ದೆಯಲ್ಲ, ಅದಕ್ಕೆ ಇವತ್ತು ಆಗ್ತಿದೆ."

ಹೊಲಿಗೆ ಎರಡೂ ಕಡೆ ಒಂದೇ ಸಮ ಬಂತು. ಆಟೋ ಹೊರಟುಹೋಗಿದ್ದರಿಂದ ತಂಗಿಯೇ ಯಂತ್ರವನ್ನು ಕಾರಿಗೆ ಏರಿಸಿ, ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟಳು. ಅಡ್ಡದಾರಿ ಹತ್ತಿರವಾಗಿತ್ತು. ಅವಳು ದೊಡ್ಡ ರಸ್ತೆಯನ್ನೇ ಹಿಡಿದಳು. ಗ್ಯಾರೇಜಿನ ಮುಂದಿನ ಹಂಪನ್ನು ನಡೆಯುವಷ್ಟು ನಿಧಾನವಾಗಿ ಹತ್ತಿಸಿದಳು. ಭಾವ ಯಾವುದೋ ಕಾರಿನ ಕೆಳಗೆ ಮಲಗಿದ್ದ, ಹೊರಗೆ ಚಾಚಿದ ಎರಡು ಕಾಲು ಮಾತ್ರ ಕಾಣುತ್ತಿದ್ದವು.

"ಹಾರ್ನ್ ಹೊಡಿ" ಎಂದಳು ಅಕ್ಕ ಮೆಲ್ಲಗೆ. "ನೋಡ್ಲಿ."

"ಬೇಡ."

ಮುಂದಿನ ಚಕ್ರಗಳು ಇಳಿದವು, ಹಿಂದಿನವು ಇಳಿದವು, ಒಂದು ಟಕ್ ಕೂಡ ಇಲ್ಲ. ಆ ಕಾಲುಗಳು ಅಲುಗಲಿಲ್ಲ.