ವ್ಯಾನಿನ ಅಡಿಗೆ ಹಾಸಿದ ಅಡಿಕೆ ಹಾಳೆ

ಹಿರಿಯಡ್ಕದ ಕಾರು ಸ್ಟ್ಯಾಂಡಿನಲ್ಲಿ ಬಿಳಿ ವ್ಯಾನು ಇಟ್ಟುಕೊಂಡಿರುವ ಭೋಜ ನನ್ನ ತಮ್ಮ. ನನ್ನ ಗಂಡ ತೀರಿಕೊಂಡ ಮೇಲೆ ನಾನು ಅವನ ಮನೆಯಲ್ಲೇ ಇದ್ದೇನೆ. ಅವನ ವಿಷಯ ಬರೆಯುವುದೆಂದರೆ ಅವನ ವ್ಯಾನಿನ ವಿಷಯವನ್ನೂ ಬರೆಯಬೇಕು. ಊರಿನವರು ಅವನನ್ನು ಗುರುತಿಸುವುದೇ ಅದರಿಂದ.

ಮೀಸೆ ಮೂಡುವ ಮೊದಲೇ ಅವನು ಕಾರ್ಕಳದಿಂದ ಉಡುಪಿಗೆ ಹೋಗುವ ಬಸ್ಸಿನಲ್ಲಿ ಕ್ಲೀನರ್ ಆಗಿ ಸೇರಿದ. ಆ ಬಸ್ಸಿನ ಅಡಿಯಿಂದ ಸದಾ ಎಣ್ಣೆ ಸೋರುತ್ತಿತ್ತು. ಸಂಜೆ ಮನೆಗೆ ಬಂದರೆ ಅವನ ಅಂಗಿಯನ್ನು ನಮ್ಮ ಅಮ್ಮ ಒಳಗೆ ತರಲು ಬಿಡುತ್ತಿರಲಿಲ್ಲ. ಬಾವಿಕಟ್ಟೆಯಲ್ಲೇ ಬಿಚ್ಚಿ, ಸೊಂಟಕ್ಕೊಂದು ಬೈರಾಸು ಸುತ್ತಿಕೊಂಡು ಹಿಂದಿನ ಬಾಗಿಲಿನಿಂದ ಬರಬೇಕಿತ್ತು. ಅದು ಅವನಿಗೆ ಎಷ್ಟು ನೋವು ಮಾಡಿತ್ತೆಂದು ನಮಗೆ ತಿಳಿದದ್ದು ಅವನು ಸ್ವಂತ ವ್ಯಾನು ತೆಗೆದುಕೊಂಡ ಮೇಲೆ. ಅಷ್ಟು ಚೊಕ್ಕವಾಗಿ ಅದನ್ನು ಇಟ್ಟುಕೊಂಡಿದ್ದ. ಬೆಳಿಗ್ಗೆ ಗಾಡಿ ತೆಗೆದ ಕೂಡಲೇ, ಅದು ನಿಂತಿದ್ದ ನೆಲವನ್ನು ಇಳಿದು ನೋಡುತ್ತಿದ್ದ. ಒಂದು ಹನಿ ಇಲ್ಲದಿದ್ದರೆ ಅವನ ಮುಖ ಅರಳುತ್ತಿತ್ತು.

ನಮ್ಮ ಕಡೆ ಸಗಣಿ ಸಾರಿಸಿದ ಅಂಗಳಕ್ಕೆ ಯಾರ ಗಾಡಿಯನ್ನೂ ಸುಮ್ಮನೆ ಬಿಡುವುದಿಲ್ಲ. ಭೋಜನಿಗೆ ಮಾತ್ರ ಆ ತಡೆ ಇರಲಿಲ್ಲ. ಮದುಮಗಳನ್ನು ಹತ್ತಿಸಲಿಕ್ಕೆ, ಮಣಿಪಾಲದ ಆಸ್ಪತ್ರೆಯಿಂದ ಬಾಣಂತಿಯನ್ನು ಕರೆತರಲಿಕ್ಕೆ ಅವನ ವ್ಯಾನೇ ಆಗಬೇಕು, ಅದು ತುಳಸಿಕಟ್ಟೆಯ ಹತ್ತಿರದವರೆಗೂ ಬರಬಹುದು. ಅವನೂ ಹೋದಲ್ಲೆಲ್ಲ, ನನ್ನ ಗಾಡಿ ಯಾರ ಅಂಗಳಕ್ಕೂ ಬಿಂದು ಬೀಳಿಸಿಲ್ಲ ಎಂದು ಹೇಳಿಕೊಳ್ಳುತ್ತಿದ್ದ.

ವ್ಯಾನಿಗೂ ವಯಸ್ಸಾಯಿತು. ಮೀಟರಿನ ಅಂಕೆಗಳು ತುಂಬಿ ಸೊನ್ನೆಗೆ ಬಂದು, ಮತ್ತೆ ತುಂಬಿ, ಮತ್ತೆ ಸೊನ್ನೆಗೆ ಬಂದಿವೆ. ಕಳೆದ ವರ್ಷ ಅವನ ಅಳಿಯ ಜಿತೇಶ್ ಬಹರೈನಿನಿಂದ ರಜೆಯಲ್ಲಿ ಬಂದಿದ್ದ. ಅಲ್ಲಿ ಅವನು ಕಾರಿನ ಗ್ಯಾರೇಜಿನಲ್ಲಿರುವುದು. ಮಾವನ ಗಾಡಿಗೆ ಇನ್ನೂ ಹಳೆಯ ದಪ್ಪ ಆಯಿಲನ್ನೇ ಹಾಕುತ್ತಿದ್ದಾರೆಂದು ತಿಳಿದು, ಉಡುಪಿಗೆ ಹೋಗಿ ಸಿಂಥೆಟಿಕ್ ಆಯಿಲಿನ ಡಬ್ಬಿ ತಂದ. ಗೇರ್ ಆಯಿಲ್, ಬ್ರೇಕ್ ಆಯಿಲ್, ರೇಡಿಯೇಟರಿಗೆ ಹಾಕುವ ಹಸಿರು ನೀರು, ಎಲ್ಲವೂ ಹೊಸತು. ಅಳಿಯ ಪ್ರೀತಿಯಿಂದ ತಂದದ್ದನ್ನು ಬೇಡ ಎನ್ನಲಾಗುತ್ತದೆಯೇ? ಭೋಜ ಡಬ್ಬಿಗಳನ್ನು ವ್ಯಾನಿಗೆ ಹಾಕಿಕೊಂಡು ಮೆಕ್ಯಾನಿಕ್ ಡೆನ್ವರನ ಶೆಡ್ಡಿಗೆ ಹೋದ. ಅಲ್ಲಿ ನಡೆದದ್ದನ್ನು ಅವನೇ ಆಮೇಲೆ ನನಗೆ ಹೇಳಿದ್ದು.

ಡೆನ್ವರ್ ಡಬ್ಬಿ ನೋಡಿ, ಆಯಿಲ್ ಒಳ್ಳೆಯದೇ ಎಂದನಂತೆ. ಆದರೆ ಇದು ತೆಳು, ಎಂಜಿನಿನೊಳಗೆ ಕಟ್ಟಿದ ಕೊಳೆಯನ್ನೆಲ್ಲ ತೊಳೆಯುತ್ತದೆ. ಎಣ್ಣೆ ಸೋರದ ಹಾಗೆ ತಡೆಯುವ ರಬ್ಬರ್ ಸೀಲುಗಳು ಹಳೆಯ ಗಾಡಿಯಲ್ಲಿ ಒಣಗಿ ಗಟ್ಟಿಯಾಗಿರುತ್ತವೆ, ಮೊದಲು ಅವನ್ನು ಬಿಚ್ಚಿ ನೋಡುವ ಎಂದನಂತೆ.

"ನನ್ನ ಗಾಡಿಯಿಂದ ಒಂದು ಹನಿ ಬಿದ್ದದ್ದು ನೀನು ನೋಡಿದ್ದೀಯಾ ಮಾರಾಯ? ಸುಮ್ಮನೆ ಹಾಕು," ಎಂದು ಬಾಯಿ ಮುಚ್ಚಿಸಿದ್ದು ನನ್ನ ತಮ್ಮನೇ.

ಆಯಿಲ್ ಬದಲಾದ ಮೇಲೆ ವ್ಯಾನಿನ ಸದ್ದೇ ಬೇರೆಯಾಯಿತು. ಹಿಟ್ಟು ರುಬ್ಬುವ ಕಲ್ಲಿನ ಹಾಗೆ ಇದ್ದದ್ದು ಹೊಲಿಗೆ ಮೆಷಿನಿನ ಹಾಗಾಯಿತು. ಜಿತೇಶ್ ನೆಮ್ಮದಿಯಿಂದ ಬಹರೈನಿಗೆ ಹೋದ.

ಆಮೇಲೆ ಹೊಸ ಅಕ್ಕಿ ಊಟದ ಹಬ್ಬ ಬಂತು. ನಮ್ಮ ಊರಿನ ದೇಜಪ್ಪಣ್ಣನ ಮನೆಯಲ್ಲಿ ಅದು ದೊಡ್ಡದಾಗಿ ನಡೆಯುತ್ತದೆ. ಗದ್ದೆಯಿಂದ ತಂದ ಹೊಸ ತೆನೆಯನ್ನು ತುಳಸಿಕಟ್ಟೆಯ ಮುಂದೆ ಮಣೆಯ ಮೇಲಿಟ್ಟು ಪೂಜಿಸಿ, ಅನಂತರ ಬಾಗಿಲಿಗೆ, ಕಂಬಕ್ಕೆ, ಬಾವಿಗೆ, ಗಾಡಿಗಳಿಗೆ ಕಟ್ಟುವುದು ಪದ್ಧತಿ. ನಾನು ಅಡುಗೆಗೆ ಕೈ ಹಾಕಲು ಹೋಗಿದ್ದೆ. ಭೋಜ ಕಾಪುವಿನಿಂದ ದೇಜಪ್ಪಣ್ಣನ ತಂಗಿಯನ್ನು ಕರೆತಂದು, ವ್ಯಾನನ್ನು ಕಟ್ಟೆಯ ಪಕ್ಕದ ನೆರಳಿನಲ್ಲಿ ನಿಲ್ಲಿಸಿ, ಕಾಫಿಗೆ ಕುಳಿತ. ಸ್ವಲ್ಪ ಹೊತ್ತಿನಲ್ಲಿ ಹೆರಾಲ್ಡ್ ಪೊರ್ಬುಗಳ ಗೂಡ್ಸ್ ಟೆಂಪೋ ಕುರ್ಚಿ, ಪಾತ್ರೆ ಹೇರಿಕೊಂಡು ಬಂತು. ಕ್ರೈಸ್ತ ಹಿರಿಯರನ್ನು ನಾವು ಪೊರ್ಬು ಎಂದೇ ಕರೆಯುವುದು. ಅವರಿಗೂ ಮೇರಿ ಮಾತೆಯ ಮೊಂತಿ ಹಬ್ಬಕ್ಕೆ ಚರ್ಚಿನಲ್ಲಿ ತೆನೆ ಕೊಡುತ್ತಾರೆ. ಆ ತೆನೆ ಟೆಂಪೋದ ಗಾಜಿನ ಹತ್ತಿರ ಸಿಕ್ಕಿಸಿದ್ದರು. ಅದಕ್ಕೆ ಜಾಗ ಬಿಡಲು ಭೋಜ ವ್ಯಾನನ್ನು ಹಿಂದೆ ತೆಗೆದ, ಕೂಡಲೇ ಅದೇ ಜಾಗಕ್ಕೆ ಟೆಂಪೋ ಬಂದು ನಿಂತಿತು. ಕುರ್ಚಿ ಇಳಿಸಿ ಟೆಂಪೋ ಹೊರಟಾಗ, ಹಸಿರು ಸಾರಣೆಯ ಮೇಲೆ ದೋಸೆಯಷ್ಟು ಅಗಲದ ಎಣ್ಣೆ ಕಲೆ ಕಾಣಿಸಿತು. ಮಣೆ ಇಡುವ ಜಾಗದ ಎದುರಿಗೇ.

ದೇಜಪ್ಪಣ್ಣನ ತಂಗಿಯ ಮಗ ಅಖಿಲ್ ಮೊದಲು ನೋಡಿದವನು. "ಪೊರ್ಬುಗಳೇ, ನಿಮ್ಮ ಟೆಂಪೋಗೆ ಒಂದು ಡಯಾಪರ್ ಹಾಕಿಸಿ," ಎಂದ. ಅಂಗಳದಲ್ಲಿದ್ದವರೆಲ್ಲ ನಕ್ಕರು. ಭೋಜನೂ ನಕ್ಕ.

ಹೆರಾಲ್ಡ್ ಪೊರ್ಬು ಟೆಂಪೋ ನಿಲ್ಲಿಸಿ ಇಳಿದು ಬಂದರು. ಬಗ್ಗಿ ಕಲೆಗೆ ಬೆರಳು ಮುಟ್ಟಿಸಿದರು, ಬೆರಳನ್ನು ನೋಡಿಕೊಂಡರು. ಭೋಜನ ಕಡೆ ಒಮ್ಮೆ ತಿರುಗಿದರು. ಮತ್ತೆ ಒಲೆಯ ಬೂದಿ ಕೇಳಿ ತಂದು ಅದರ ಮೇಲೆ ಹಾಕಿ ಉಜ್ಜಿದರು. ಮನೆಯವರು ಮೇಲಿನಿಂದ ಸಗಣಿ ಸಾರಿಸಿದರು. ಎಣ್ಣೆಯ ಮೇಲೆ ಸಗಣಿ ಹಿಡಿಯುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿ ಕಲೆ ಪುನಃ ಎದ್ದಿತು. ಕೊನೆಗೆ ಮಣೆಯನ್ನೇ ಕಟ್ಟೆಯ ಇನ್ನೊಂದು ಬದಿಗೆ ಇಟ್ಟು ಪೂಜೆ ಮಾಡಿದರು. ಅನಂತರ ದೇಜಪ್ಪಣ್ಣ ತಮ್ಮ ಕೈಯಿಂದಲೇ ಭೋಜನ ಗಾಡಿಗೆ ತೆನೆ ಕಟ್ಟಿದರು. ಟೆಂಪೋ ಆಗ ರಸ್ತೆಯಲ್ಲಿ ನಿಂತಿತ್ತು.

ನಾನೂ ಆ ದಿನ ಅದು ಟೆಂಪೋದ ಎಣ್ಣೆ ಎಂದೇ ತಿಳಿದಿದ್ದೆ. ಮರುದಿನ ಬೆಳಿಗ್ಗೆ ಬಚ್ಚಲಿನ ಒಲೆಗೆಂದು ಮರದಿಂದ ಬಿದ್ದ ಅಡಿಕೆ ಹಾಳೆ ಹೆಕ್ಕಲು ಹೋದಾಗ ನಮ್ಮ ವ್ಯಾನಿನ ಅಡಿಯಲ್ಲೊಂದು ಹಾಳೆ ಕಂಡಿತು. ಗಾಳಿಗೆ ಹಾರಿ ಹೋದದ್ದಿರಬೇಕೆಂದು ಎಳೆದೆ. ಅದರ ಗುಂಡಿಯಲ್ಲಿ ಜೇನಿನ ಬಣ್ಣದ ಎಣ್ಣೆ ನಿಂತಿತ್ತು.

"ಭೋಜ, ಇದು ಎಂತ?" ಎಂದೆ.

ಅವನು ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡ. ಅಮ್ಮ ಬಾವಿಕಟ್ಟೆಯಲ್ಲಿ ಅಂಗಿ ಬಿಚ್ಚಿಸುವಾಗ ತಲೆ ಹೇಗೆ ತಗ್ಗಿಸುತ್ತಿದ್ದನೋ ಹಾಗೆಯೇ ತಗ್ಗಿಸಿ ನಿಂತ. ಅಂಗಳದಲ್ಲಿ ಅವನು ನಕ್ಕದ್ದು ನನ್ನ ಕಿವಿಯಲ್ಲಿತ್ತು.

ಆ ದಿನವೇ ಡೆನ್ವರನಲ್ಲಿಗೆ ಹೋಗಿ ಸೀಲ್ ಬದಲಿಸಿಕೊಂಡು ಬಂದ. ತೆಗೆದ ಸೀಲ್ ಕೈಯಲ್ಲಿ ಹಿಡಿದರೆ ಬಳೆಯ ಹಾಗೆ ಟಕ್ಕೆಂದು ಮುರಿಯಿತಂತೆ. ರಬ್ಬರು ಹೋಗಿ ಯಾವ ಕಾಲವಾಯಿತೋ, ಇಷ್ಟು ವರ್ಷ ಎಣ್ಣೆಯನ್ನು ತಡೆದದ್ದು ಅದರ ಸುತ್ತ ಕಟ್ಟಿದ ಕೊಳೆ, ಹೊಸ ಆಯಿಲ್ ಅದನ್ನು ತೊಳೆದದ್ದಷ್ಟೆ ಎಂದು ಡೆನ್ವರ್ ಹೇಳಿದನಂತೆ. ಹೊಸ ಸೀಲ್ ಹಾಕಿದ ಮೇಲೆ ಅದೇ ಆಯಿಲಿನ ಒಂದು ಹನಿಯೂ ಬೀಳಲಿಲ್ಲ.

"ನಿಂತಿತಲ್ಲ ಅಕ್ಕ," ಎಂದ ಭೋಜ.

"ಎಣ್ಣೆ ನಿಂತಿತು," ಎಂದೆ ನಾನು.

ಏಕೆಂದರೆ ಹೆರಾಲ್ಡ್ ಪೊರ್ಬುಗಳ ಮೇಲೆ ಬಿದ್ದ ಮಾತು ನಿಲ್ಲಲಿಲ್ಲ. ದೇಜಪ್ಪಣ್ಣನ ಮನೆಯ ತೆನೆಗೆ ಅಡ್ಡ ಬಂದ ಟೆಂಪೋ ಎಂದು ಊರಿಗೆ ತಿಳಿಯಿತು. ಟೆಂಪೋ ರಸ್ತೆಯಲ್ಲೇ ಇರಲಿ ಎಂದು ಎಲ್ಲ ಮನೆಯವರೂ ಹೇಳತೊಡಗಿದರು. ಪೊರ್ಬುಗಳಿಗೆ ಮೊಣಕಾಲು ನೋವು ಉಂಟು. ಕುರ್ಚಿಗಳನ್ನು ತಲೆಯ ಮೇಲೆ ಇಟ್ಟುಕೊಂಡು ಅವರು ಏರು ಹತ್ತುವಾಗ ಪಕ್ಕದಿಂದ ಭೋಜನ ವ್ಯಾನು, ಮುಂದೆ ತೆನೆ ಕಟ್ಟಿಕೊಂಡು, ಅಂಗಳಕ್ಕೆ ಹೋಗುತ್ತಿತ್ತು. ಭೋಜ ನನ್ನಲ್ಲಿ, ಒಂದೆರಡು ಸಲ ನಿಜ ಹೇಳಬೇಕೆಂದೇ ಅವರ ಹತ್ತಿರ ಹೋದೆ, ಹವೆಯ ವಿಷಯ ಮಾತನಾಡಿ ಬಂದೆ ಎನ್ನುತ್ತಿದ್ದ. ಊಟಕ್ಕೆ ಕುಳಿತರೆ ಅನ್ನವನ್ನು ಬೆರಳಿನಿಂದ ಆಚೆ ಈಚೆ ಸರಿಸುತ್ತಿದ್ದ. ಇಷ್ಟು ಕಾಲ ಗಳಿಸಿದ ಹೆಸರು ಒಂದು ಮಾತಿಗೆ ಹೋಗುತ್ತದೆ ಅಕ್ಕ ಎಂದ ಒಮ್ಮೆ. ಯಾವ ಹೆಸರು ಎಂದು ಕೇಳಬೇಕೆಂದಿದ್ದೆ, ಅವನ ಮುಖ ನೋಡಿ ಕೇಳಲಿಲ್ಲ.

ದೀಪಾವಳಿ ಕಳೆದ ಮೇಲೆ ದೇಜಪ್ಪಣ್ಣನ ಮಗಳು ಮೋಕ್ಷಾ ಮಣಿಪಾಲದಲ್ಲಿ ಹೆತ್ತಳು. ಮಗು, ಬಾಣಂತಿಯನ್ನು ಕರೆತರಲು ಭೋಜನಿಗೇ ಹೇಳಿದರು. ಮಗುವನ್ನು ಹಿಡಿದುಕೊಳ್ಳಲು ನಾನೂ ಹೋದೆ. ಹಿಂದೆ ಬರುವಾಗ ದೇಜಪ್ಪಣ್ಣನ ಮನೆಯ ಏರಿನ ಬುಡದಲ್ಲಿ ಟೆಂಪೋ ನಿಂತಿತ್ತು. ಬಾಣಂತಿ ಕೋಣೆಗೆ ಕಾರ್ಕಳದಿಂದ ತಂದ ಹೊಸ ಮಂಚದ ಹಲಗೆಗಳನ್ನು ಪೊರ್ಬು ಒಂದೊಂದಾಗಿ ತಲೆಯ ಮೇಲೆ ಹೊರುತ್ತಿದ್ದರು. ವ್ಯಾನಿಗೆ ದಾರಿ ಬಿಡಲು ಹಲಗೆಯ ಸಮೇತ ಚರಂಡಿಯ ಅಂಚಿಗೆ ಸರಿದು ನಿಂತರು. ಭೋಜ ಅವರನ್ನು ನೋಡದೆ ಮುಂದೆ ಹೋದ.

ಅಂಗಳದಲ್ಲಿ ಮಗುವನ್ನು ಇಳಿಸಿ, ಆರತಿ ಎತ್ತಿ ಒಳಗೆ ಕರೆದುಕೊಂಡರು. ದೇಜಪ್ಪಣ್ಣ ನಗುತ್ತಾ ಹೊರಗೆ ಬಂದು, ಕುಳಿತುಕೋ, ಕಾಫಿ ಕುಡಿ ಎಂದರು. ಪೊರ್ಬು ಹಲಗೆ ಹೊತ್ತುಕೊಂಡು ಆಗಷ್ಟೇ ಅಂಗಳಕ್ಕೆ ಕಾಲಿಟ್ಟಿದ್ದರು. ಭೋಜ ಕುಳಿತುಕೊಳ್ಳಲಿಲ್ಲ.

"ದೇಜಪ್ಪಣ್ಣ, ಹಬ್ಬದ ದಿನ ಇಲ್ಲಿ ಬಿದ್ದದ್ದು ನನ್ನ ಗಾಡಿಯ ಎಣ್ಣೆ. ಪೊರ್ಬುಗಳದ್ದಲ್ಲ. ವ್ಯಾನು ಹಿಂದೆ ತೆಗೆಯುವಾಗ ಕಂಡಿತ್ತು, ನನಗೆ ಆಗಲೇ ಗೊತ್ತಿತ್ತು," ಎಂದ.

ದೇಜಪ್ಪಣ್ಣನ ನಗು ಹಾಗೆಯೇ ನಿಂತಿತು. ಅವರು ತುಳಸಿಕಟ್ಟೆ ನೋಡಿದರು, ವ್ಯಾನು ನೋಡಿದರು, ಅವರೇ ಕಟ್ಟಿದ್ದ ತೆನೆ ನೋಡಿದರು. ಬೈದಿದ್ದರೆ ಒಳ್ಳೆಯದಿತ್ತು. ಮೆಲ್ಲನೆ, "ಪೊರ್ಬುಗಳೇ, ಟೆಂಪೋ ಮೇಲೆ ತನ್ನಿ," ಎಂದರು. ಮತ್ತೆ ನನ್ನ ತಮ್ಮನ ಕಡೆ ತಿರುಗದೆಯೇ, "ಭೋಜ, ಇನ್ನು ನಿನ್ನದು ರಸ್ತೆಯಲ್ಲಿ ಇರಲಿ," ಎಂದು ಒಳಗೆ ಹೋದರು.

ಸೀಲ್ ಹೊಸತು, ಈಗ ಸೋರುವುದಿಲ್ಲ ಎಂದು ಅವನು ಹೇಳಬಹುದಿತ್ತು. ವ್ಯಾನನ್ನು ಇಳಿಸಿ ರಸ್ತೆಯಲ್ಲಿ ನಿಲ್ಲಿಸಿದ. ನಾನು ಹಿಂದೆಯೇ ನಡೆದುಕೊಂಡು ಬಂದೆ. ಟೆಂಪೋದ ಹತ್ತಿರ ಪೊರ್ಬು ಬೆವರು ಒರೆಸಿಕೊಳ್ಳುತ್ತಿದ್ದರು.

"ನನಗೂ ಅಂದೇ ಗೊತ್ತಿತ್ತು ಭೋಜಣ್ಣ," ಎಂದರು. "ನನ್ನದು ಡೀಸೆಲ್ ಗಾಡಿ, ಅದರ ಎಣ್ಣೆ ಮಸಿಯ ಹಾಗೆ. ಬೆರಳಿಗೆ ಹತ್ತಿದ್ದು ಜೇನಿನ ಹಾಗಿತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ನೀವು ಹೇಳುತ್ತೀರಿ ಅಂತ ಕಾದದ್ದು."

ಭೋಜನಿಗೆ ಅವರ ಮುಖ ನೋಡಲಾಗಲಿಲ್ಲ. ಉಳಿದ ಹಲಗೆಗಳನ್ನು ಟೆಂಪೋದಲ್ಲೇ ಮೇಲೆ ಒಯ್ಯುವ ಎಂದು ಪೊರ್ಬು ಹೇಳಿದರೂ ಕೇಳದೆ, ಒಂದು ಹಲಗೆ ಎಳೆದು ತಲೆಯ ಮೇಲಿಟ್ಟುಕೊಂಡು ಏರು ಹತ್ತಿದ.

ಈಗ ಅವನಿಗೆ ಬಾಡಿಗೆ ಸಿಗುವುದಿಲ್ಲವೆಂದಲ್ಲ. ಸ್ಟ್ಯಾಂಡಿನಲ್ಲಿ ನಿಲ್ಲುತ್ತಾನೆ, ಮಣಿಪಾಲಕ್ಕೂ ಹೋಗುತ್ತಾನೆ. ಆದರೆ ಕರೆದರೂ ಯಾರ ಅಂಗಳಕ್ಕೂ ಗಾಡಿ ಏರಿಸುವುದಿಲ್ಲ. ಎಲ್ಲಿ ನಿಲ್ಲಿಸಿದರೂ ಸೀಟಿನ ಹಿಂದಿನಿಂದ ಅಡಿಕೆ ಹಾಳೆ ತೆಗೆದು ಅಡಿಗೆ ಹಾಸುತ್ತಾನೆ. ಹೊರಡುವಾಗ ಎಳೆದು ನೋಡುತ್ತಾನೆ. ಒಣಗಿಯೇ ಇರುತ್ತದೆ. ಒಂದು ಹನಿ ಬೀಳುವುದಿಲ್ಲವಲ್ಲ, ಇನ್ನು ಯಾಕೆ ಎಂದು ನಾನು ಕೇಳಿದ್ದುಂಟು.

"ಇರಲಿ ಅಕ್ಕ," ಎನ್ನುತ್ತಾನೆ. ಧೂಳು ಕೊಡವಿ, ಹಾಳೆಯನ್ನು ಪುನಃ ಸೀಟಿನ ಹಿಂದೆ ಇಡುತ್ತಾನೆ.