ಮಾತಿಲ್ಲದ ಪಿಕ್ಚರು, ಆಪರೇಟರಣ್ಣ ಮತ್ತು ನನ್ನ ಸುಳ್ಳು

ಸ್ವಲ್ಪ ತಾಳಿ, ಪುಟ ತಿರುಗಿಸಬೇಡಿ. ನಮ್ಮ ಆಪರೇಟರಣ್ಣನ ವಿಷಯ ಕೇಳಿಕೊಂಡೇ ಮುಂದಕ್ಕೆ ಹೋಗಿ.

ಅವರ ಎಡ ಹೆಬ್ಬೆರಳಿನ ಮೇಲೆ ದಾರದಷ್ಟು ಸಣ್ಣ ಗೀರೊಂದಿತ್ತು. ಫಿಲ್ಮ್ ಸುತ್ತುವಾಗ ಅದರ ಅಂಚು ಸವರಿಯೇ ಎಲ್ಲಿ ಹರಿದಿದೆ ಎಂದು ಹೇಳುತ್ತಿದ್ದರು. ವರ್ಷಗಟ್ಟಲೆ ಸವರಿ ಬಿದ್ದ ಗೀರು ಅದು.

ಎಂಬತ್ತನೇ ಇಸವಿಯ ಆಸುಪಾಸಿನಲ್ಲಿ ಅವರು ಕುಣಿಗಲ್ಲಿನ ಒಂದು ತಗಡಿನ ಟಾಕೀಸಿನ ಆಪರೇಟರು. ನಾನು ತುಮಕೂರಿನ ಮರಳೂರಿನವನು, ಹಳೇ ಪತ್ರಿಕೆಗಳನ್ನು ಓದಿಯೇ ಸಿನಿಮಾ ಹುಚ್ಚು ಹಿಡಿಸಿಕೊಂಡವನು. ಭಾನುವಾರ ಬಸ್ಸು ಹತ್ತಿ ಹೋದರೆ, "ಬಾರಪ್ಪಾ ಡೈರೆಕ್ಟ್ರೇ" ಎಂದು ರೇಗಿಸುತ್ತಾ ಪ್ರೊಜೆಕ್ಟರ್ ರೂಮಿನಲ್ಲಿ ಸ್ಟೂಲು ಹಾಕಿಕೊಡುತ್ತಿದ್ದರು. ಕಿಂಡಿಯಲ್ಲಿ ಅವರು ಪರದೆ ನೋಡುತ್ತಿದ್ದದ್ದು ಕಡಿಮೆ, ಜನರ ಮುಖಗಳನ್ನೇ ನೋಡುತ್ತಿದ್ದರು. "ಇಲ್ಲಿ ಓಡ್ತದೆ ಕಣ್ಲಾ ನಿಜವಾದ ಪಿಕ್ಚರು" ಎನ್ನುತ್ತಿದ್ದರು.

ಒಮ್ಮೆ ನಾವು ಗೆಳೆಯರು ತುಮಕೂರಿಗೆ ಒಂದು ಪರದೇಶದ ಚಿತ್ರ ತರಿಸಿದ್ದೆವು. ಹಿಮದ ಕಾಡಿನಲ್ಲಿ ಒಬ್ಬನೇ ಸಿಕ್ಕಿಕೊಂಡ ಮನುಷ್ಯ. ಸೌದೆ ಒಡೆಯುತ್ತಾನೆ, ಬೆಂಕಿ ಹೊತ್ತಿಸುತ್ತಾನೆ, ಆರುತ್ತದೆ, ಮತ್ತೆ ಹೊತ್ತಿಸುತ್ತಾನೆ. ಮಾತೇ ಇಲ್ಲ. ಅದನ್ನು ಕುಣಿಗಲ್ಲಿನಲ್ಲೂ ತೋರಿಸಬೇಕೆಂಬ ಹಟ ನನಗೆ. "ಕಾಡಿನ ಫೈಟಿಂಗ್ ಪಿಕ್ಚರು" ಎಂದು ಟಾಕೀಸಿನ ಯಜಮಾನರನ್ನು ನಂಬಿಸಿ ಭಾನುವಾರದ ಬೆಳಗಿನ ಆಟ ಗಿಟ್ಟಿಸಿದೆ. ಅವರು ಬೋರ್ಡಿನ ಮೇಲೆ ಹುಲಿ ಬರೆಸಿದರು!

ಹಿಂದಿನ ದಿನ ಅಣ್ಣ ಮೊದಲ ರೀಲು ಹಾಕಿ ನೋಡಿದರು. "ಒಬ್ನೇ ಅವ್ನೆ, ಆದ್ರೂ ಒಂದ್ ಗಳಿಗೆ ಸುಮ್ನೆ ಕೂತಿಲ್ಲ ನೋಡು," ಎಂದು ಮೆಚ್ಚಿಕೊಂಡರು. ಆಮೇಲೆ, "ಮಾತಿಲ್ದಿರೋ ಪಿಕ್ಚರು ಅಂತ ಜನಕ್ಕೆ ಮೊದ್ಲೇ ಹೇಳ್ಬುಡಪ್ಪ" ಎಂದರು. ಹೂಂ ಅಂದೆ. ಹೇಳಿದರೆ ಯಜಮಾನರು ಆಟವನ್ನೇ ರದ್ದು ಮಾಡುತ್ತಾರೆಂದು ಹೆದರಿ ಯಾರಿಗೂ ಹೇಳಲಿಲ್ಲ.

ಭಾನುವಾರ ಆಟ ಶುರುವಾಗಿ ಹತ್ತು ನಿಮಿಷಕ್ಕೆಲ್ಲ ಗಲಾಟೆ ಎದ್ದಿತು.

"ಸೌಂಡ್ ಬುಡೋ!"

"ಆಪರೇಟ್ರು ಮಲ್ಗವ್ನೆ, ಎಬ್ಬುಸ್ರೋ!"

ಅಣ್ಣ ವಾಲ್ಯೂಮು ಪೂರ್ತಿ ಏರಿಸಿದರು. ಬಂದದ್ದು ಗಾಳಿಯ ಭೋರ್ಗರೆತ ಮಾತ್ರ. "ಸ್ಪೀಕ್ರು ಹರ್ದೋಯ್ತು!" ಎಂದು ಜನ ಬೆಂಚು ಕುಟ್ಟತೊಡಗಿದರು.

ಯಜಮಾನರು ಏದುಸಿರು ಬಿಡುತ್ತಾ ಮೇಲೆ ಹತ್ತಿ ಬಂದರು. ಹಿಂದಿನ ತಿಂಗಳು ಒಂದು ರೀಲು ಸುಟ್ಟಾಗಲೇ, ಇನ್ನೊಂದು ಕಂಪ್ಲೇಂಟ್ ಬಂದರೆ ಮನೆಗೆ ಹೋಗು ಎಂದು ಅವರು ಅಣ್ಣನಿಗೆ ಹೇಳಿದ್ದರು. ಅದು ನನಗೂ ಗೊತ್ತಿತ್ತು.

"ಏನ್ಲಾ ಮಾಡ್ದೆ ಮಿಷಿನ್ನಿಗೆ?"

ಅಣ್ಣ ನನ್ನ ಮುಖ ನೋಡಿದರು. ಪಿಕ್ಚರೇ ಹಾಗೆ ಎಂಬ ಒಂದು ಮಾತು ಸಾಕಿತ್ತು. ನಾನು, "ನಂಗೇನ್ ಗೊತ್ತು ಯಜಮಾನ್ರೇ, ಮಿಷಿನ್ನೇ ಇರ್ಬೇಕು" ಅಂದೆ.

"ಹೂಂ, ಮಿಷಿನ್ನೇ ಬುದ್ದಿ" ಎಂದರು ಅಣ್ಣ.

ಯಜಮಾನರು ಅರ್ಧಕ್ಕೇ ನಿಲ್ಲಿಸಿ ಹಳೆಯದೊಂದು ಚಿತ್ರ ಹಾಕಿಸಿದರು. ಮಧ್ಯಾಹ್ನದ ಹೊತ್ತಿಗೆ ಅಣ್ಣನ ಕೆಲಸ ಹೋಗಿತ್ತು. ಬಸ್ ಸ್ಟ್ಯಾಂಡಿನವರೆಗೂ ಅವರ ಹಿಂದೆಯೇ ನಡೆದೆ. ತಿರುಗಿ ನೋಡಿ, "ನಿನ್ನ ಹೆಸ್ರು ಹೇಳಿದ್ರೆ ಆ ಜನ ಸುಮ್ನೆ ಬುಡ್ತಿದ್ರೇನ್ಲಾ? ಬಸ್ ಬಂತು, ಹತ್ತು" ಎಂದರು.

ಎರಡು ವರ್ಷದ ಮೇಲೆ ಅವರು ಗುಬ್ಬಿಯಲ್ಲಿ ಹಿಟ್ಟಿನ ಮಿಲ್ಲು ನೋಡಿಕೊಳ್ಳುತ್ತಿದ್ದಾರೆಂದು ತಿಳಿಯಿತು. ತಪ್ಪು ಒಪ್ಪಿಕೊಳ್ಳಲೆಂದೇ ಹೋದೆ. ಅವರ ರೆಪ್ಪೆಯೆಲ್ಲ ರಾಗಿ ಹಿಟ್ಟು. ನನ್ನನ್ನು ನೋಡಿದವರೇ ಮಿಲ್ಲು ನಿಲ್ಲಿಸಿ, "ಆ ಕಾಡಿನವ್ನು ಏನಾದ್ನಪ್ಪಾ? ಬದುಕ್ಕೊಂಡ್ನಾ?" ಎಂದು ಕೇಳಿದರು. ಬದುಕಿದ ಅಂದೆ, ಉಳಿದ ಕಥೆಯನ್ನೆಲ್ಲ ಹೇಳಿದೆ. ಕಾದಿದ್ದ ಹೆಂಗಸೊಬ್ಬಳು, "ಅಣ್ಣೋ, ರಾಗಿ ಹಾಕು, ಮುದ್ದೆಗೆ ಹೊತ್ತಾಯ್ತು!" ಎಂದು ಕೂಗಿದಳು. "ಇರವ್ವಾ, ಇಲ್ಲೊಬ್ಬನ ಪ್ರಾಣ ಹೋಯ್ತಾ ಅದೆ" ಎಂದು ನಕ್ಕರು.

ಕಥೆ ಮುಗಿಯಿತು, ಮಿಲ್ಲು ಮತ್ತೆ ಶುರುವಾಯಿತು. ಆ ಸದ್ದಿನಲ್ಲಿ ಹೇಗೆ ಹೇಳುವುದು ಎಂದುಕೊಂಡು ಎದ್ದು ಬಂದೆ. ಸದ್ದು ನನಗೆ ನೆಪವಾಯಿತು, ಅಷ್ಟೇ. ಮುಂದಿನ ಯುಗಾದಿ ಕಳೆದ ಮೇಲೆ ಮತ್ತೆ ಹೋದಾಗ ಮಿಲ್ಲಿನಲ್ಲಿ ಬೇರೆ ಯಾರೋ ಇದ್ದರು. "ಅವ್ರು ಹೋಗ್ಬುಟ್ರಲ್ಲಾ ಸ್ವಾಮಿ, ಎದೆನೋವು ಬಂದು" ಎಂದರು.

ನಿಮ್ಮ ಸುಳ್ಳನ್ನು ತಮ್ಮ ತಲೆ ಮೇಲೆ ಹಾಕಿಕೊಂಡವರು ನಿಮಗೂ ಇದ್ದಾರೆಯೇ? ಇದ್ದರೆ ಬರೆದು ತಿಳಿಸಿ. ಆದರೆ ಅವರಿನ್ನೂ ಬದುಕಿದ್ದರೆ, ಮೊದಲು ಅವರ ಹತ್ತಿರ ಹೋಗಿ ಬನ್ನಿ. ನನಗೆ ಆಮೇಲೆ ಬರೆದರಾಯಿತು.